ಹದಿನೇಳನೇ ಬಾಬತ್ತು

ಕೊಬ್ಬರಿ ಹರಾಜು ಕಂಪ್ಯೂಟರಿಗೆ ಹೋದ ಮೇಲೆ
ನನ್ನ ಗಂಟಲಿಗೆ ಕೆಲಸ ಕಮ್ಮಿ.
ಮುರುಕು ಬೆಂಚು, ತುಕ್ಕು ತಗಡು, ಬಿದ್ದ ಮರ
ಇಂಥವಕ್ಕೆ ಈಗಲೂ ಕರೆಯುತ್ತಾರೆ.
ಈ ಸಲ ಕರೆದದ್ದು ಅರಸೀಕೆರೆಯ ರೈಲ್ವೆ ಗೇಟಿನಾಚೆ
ನಾನೇ ಓದಿದ ಪ್ರೈಮರಿ ಸ್ಕೂಲು.

ಪಟ್ಟಿಯಲ್ಲಿ ಹೀಗಿತ್ತು:
ಹದಿನೇಳು. ಹಾರ್ಮೋನಿಯಂ, ಒಂದು. ನಿರುಪಯುಕ್ತ.

ಬರೆದವರು ಯಾರೋ ಹೊಸಬರು.
ಅದು ನಾವಿದ್ದಾಗಲೂ ಅಷ್ಟೇ ಇತ್ತು.
ತಿದಿಗೆ ಸೈಕಲ್ ಟ್ಯೂಬಿನ ತೇಪೆ,
ಮಧ್ಯಮದ ಮನೆಗೆ ಬಾಯಿಲ್ಲ.
ಒತ್ತಿದರೆ ಬರೀ ಗಾಳಿ,
ಮುದುಕರು ಜಗಲಿಯ ಮೇಲೆ ಕೂರುವಾಗ ಬರುವಂಥದ್ದು.

ಸರ್ವಮಂಗಳಾ ಟೀಚರ್ ಮೂರು ಅರ್ಜಿ ಬರೆದರು.
ಹಾಸನದಿಂದ ಉತ್ತರ ಬರಲಿಲ್ಲ.
ನಾಲ್ಕನೆಯದನ್ನು ಬರೆಯದೆ ನಮಗೆ ಹೇಳಿದರು:
"ಸ ರಿ ಗ ಇದು ಹೇಳುತ್ತೆ. ಮ ನೀವು ಹೇಳಿ.
ಬಾಯಿ ಬಿಟ್ಟು ಹೇಳಿ. ಇಲ್ಲದಿದ್ರೆ ಅಲ್ಲಿ ಗುಂಡಿ ಆಗುತ್ತೆ,
ಹಿಂದೆ ಬರೋ ಪಂಚಮ ಪಾಪ, ಬಿದ್ದು ಕಾಲು ಮುರ್ಕೊಳುತ್ತೆ."
ಪಂಚಮದ ಕಾಲು ಮುರಿಯಬಾರದೆಂದು
ನಲವತ್ತು ಮಕ್ಕಳು ಕಿರುಚುತ್ತಿದ್ದೆವು.
ಲೆಕ್ಕದ ಮೇಷ್ಟ್ರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಓಲಗದವರ ಮನೆಯ ಮಗಳು.
ಅಪ್ಪ ಊದಿದ ಮದುವೆಗಳಲ್ಲಿ
ಕಡೇ ಪಂಕ್ತಿಯೂ ಎದ್ದ ಮೇಲೆ ಉಂಡವರು.
ಇದನ್ನು ಅವರು ನಮಗೆ ಹೇಳಲಿಲ್ಲ.
ಅವರೊಬ್ಬರ ಕಾಫಿ ಲೋಟ ಬೇರೆ ಕಿಟಕಿಯಲ್ಲಿ ಒಣಗುವುದನ್ನು
ದಿನಾ ನೋಡುತ್ತಿದ್ದೆವು;
ಅಷ್ಟು ಓದಲು ಆಗ ನಮಗೆ ಬರುತ್ತಿರಲಿಲ್ಲ.

ಗ್ಯಾಂಗ್‌ಮನ್ ಮಗನೊಬ್ಬ ಇದ್ದ, ತೊದಲ.
ಹಾಜರಿಗೆ "ಇದ್ದೇನೆ" ಅನ್ನಲಾರದೆ
ಇದ್ದೂ ಇಲ್ಲದವನಾಗುತ್ತಿದ್ದ.
ಅವನ ಹೆಸರನ್ನು ಮಾತ್ರ ಟೀಚರ್ ಎಳೆದು ಹಾಡುತ್ತಿದ್ದರು,
ಅವನೂ ಹಾಡಿಯೇ ಇರುತ್ತಿದ್ದ.
ಈಗ ಎಲ್ಲಿದ್ದಾನೋ.

ನನ್ನ ದನಿ, ಎಮ್ಮೆ ಬಾವಿಗೆ ಬಿದ್ದಂತೆ
ಎಂದ ನಾಗಭೂಷಣ. ಕ್ಲಾಸೆಲ್ಲ ನಕ್ಕಿತು.
ಟೀಚರ್ ನನ್ನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ
ಹೊಟ್ಟೆಯ ಮೇಲೆ ಹಾಜರಿ ಪುಸ್ತಕ ಇಟ್ಟು
"ಏಳಬೇಕಾದ್ದು ಇದು, ಕತ್ತಿನ ನರ ಅಲ್ಲ" ಅಂದರು.
ಆಮೇಲೆ ಮೂವತ್ತೊಂದು ವರ್ಷ
ಉಂಡೆ ಕೊಬ್ಬರಿಯ ರಾಶಿಗಳ ನಡುವೆ ನಿಂತು
ಕ್ವಿಂಟಾಲಿಗೆ ಇಷ್ಟು, ಇಷ್ಟು ಎಂದು ಕೂಗಿದೆ.
ಒಂದು ದಿನವೂ ಗಂಟಲು ಕಟ್ಟಲಿಲ್ಲ.
ಇದು ಸಂಗೀತವಾ? ಗೊತ್ತಿಲ್ಲ.
ಮನೆಗೆ ರಾಗಿ ತಂದಿದೆ.

ನಿವೃತ್ತಿಗೆ ಒಂದು ಶಾಲು, ಒಂದು ಗೋಡೆ ಗಡಿಯಾರ.
ತೀರಿಕೊಂಡು ಎಂಟು ವರ್ಷವಾಯಿತು.
ಆ ದಿನ ಮಾರ್ಕೆಟ್ಟಿನಲ್ಲಿ ರೇಟು ಏರಿತ್ತು.
ನಾನು ಹೋಗಲಿಲ್ಲ.

"ಹದಿನೇಳನೇ ಬಾಬತ್ತು" ಎಂದೆ.
ಗುಜರಿಯ ಇನಾಯತ್ ಮುಂದೆ ಬಂದ,
ಮರದ ತೂಕ ನೋಡಿದ, ಹಿತ್ತಾಳೆ ತಿರುಪು ಎಣಿಸಿದ,
ಸುಮ್ಮನೆ ಒಂದೊಂದೇ ಒತ್ತಿದ:
ಸ.
ರಿ.
ಗ.

ಗಾಳಿ.

ಬಿಸಿಯೂಟದ ಪಾತ್ರೆ ತಿಕ್ಕುತ್ತಿದ್ದ ಹೆಂಗಸು
ತಲೆಯೆತ್ತದೆ "ಮ" ಅಂದಳು.
ಗೇಟಿನ ಬಳಿ ಆಟೋದೊಳಗಿಂದ ಇನ್ನೊಂದು,
ಶ್ರುತಿಗೆ ಕೊಂಚ ತಗ್ಗಿದ್ದು.
ಮೂರನೆಯದು ನನ್ನದೇ ಎಂದು ಗೊತ್ತಾದದ್ದು
ಇನಾಯತ್ ನನ್ನ ಕಡೆ ತಿರುಗಿದಾಗ.
ಶಾಲಾ ಸಮಿತಿ ಅಧ್ಯಕ್ಷರು ಫೋನಿನಿಂದ ಕಣ್ಣು ಕಿತ್ತು
"ಏನಾಯ್ತ್ರೀ?" ಎಂದರು.
ಏನಿಲ್ಲ ಎಂದೆ.

ಮುನ್ನೂರ ಹತ್ತು, ಒಂದು ಸಲ.
ಮುನ್ನೂರ ಹತ್ತು, ಎರಡು ಸಲ.

ಒಂದು ಗೂಡ್ಸ್ ಗಾಡಿ ಪೂರ್ತಿ ಗೇಟು ದಾಟಿತು.
ಹೊಟ್ಟೆಯ ಮೇಲೆ ಹಾಜರಿ ಪುಸ್ತಕದ ತೂಕ,
ಏಳಲೊಲ್ಲದು.

ಇನಾಯತ್ ಹತ್ತಿರ ಬಂದು ಮೆಲ್ಲಗೆ ಹೇಳಿದ:
"ಕೂಗಣ್ಣ. ಒಡೆಯಲ್ಲ ಇದನ್ನ.
ನಂದು ಪಕ್ಕದ ಉರ್ದು ಸ್ಕೂಲು.
ಗೋಡೆಯಾಚೆಯಿಂದ ನಮಗೆ ಕೇಳ್ತಿದ್ದದ್ದು
ಬರೀ ಅದೊಂದು."